ಆರು ಗಂಟೆಯ ಬಸ್ಸಿಗೆ ಕತ್ತರಿಸಿದ ಮೂರು ನಿಮಿಷ

ಸವಣೂರು

೧೯೮೧ನೇ ಇಸವಿಯಲ್ಲಿ ನಾನು ಸಾಲಿ ಬಿಟ್ಟೆ. ಒಂಬತ್ತನೆಯ ಇಯತ್ತೆಯಲ್ಲಿದ್ದೆ, ದೀಪಾವಳಿ ಸೂಟಿ ಮುಗಿದ ಮೇಲೆ ಮತ್ತೆ ಆ ಕಡೆ ಹೋಗಲೇ ಇಲ್ಲ. ಯಾರೂ ಬಿಡಿಸಲಿಲ್ಲ. ಟಾಕೀಜಿನ ಪ್ರೊಜೆಕ್ಟರ್ ತಿರುಗುವ ಸದ್ದು ಕಿವಿಯೊಳಗೆ ಹೊಕ್ಕಿತು, ಮಾಸ್ತರರ ದನಿ ಹೊರಗುಳಿಯಿತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಹದಿನೆಂಟು ತುಂಬುವುದರೊಳಗೆ ಆಪರೇಟರ್ ಆದೆ. ಸವಣೂರು ನನ್ನ ಖಾಯಂ ಜಾಗ. ಕರೆ ಬಂದರೆ ಶಿಗ್ಗಾಂವ, ಹಾನಗಲ್ಲು, ಹಿರೇಕೆರೂರಿಗೂ ಹೋಗಿ ಪರದೆಯ ಮೇಲೆ ಬೆಳಕು ಬಿಟ್ಟು ಬರುತ್ತಿದ್ದೆ. ಟಾಕೀಜು ಮುಚ್ಚಿದ ಮೇಲೆ ಮೋಟಾರು ವೈಂಡಿಂಗ್ ಕಲಿತೆ. ಇವತ್ತು ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೇ ಅಂಗಡಿ ಇದೆ. "ದಾವಲಸಾಬ ಸುತ್ತಿದ ಮೋಟಾರು ಸುಡೂದಿಲ್ಲ" ಎಂದು ಹತ್ತಿಮತ್ತೂರಿನ ತನಕ ಹೇಳುತ್ತಾರೆ. ಹೇಳಲಿ. ಖರೇನೂ ಹೌದು.

ಸಿನಿಮಾ ಬಹಳ ತೋರಿಸಿದೆ, ಆದರೆ ಅಭಿಮಾನಿ ಎಂದು ಆದದ್ದು ಒಬ್ಬರಿಗೇ: ಪ್ರಹ್ಲಾದರಾವ ಹುಲಗೂರ. ನಮ್ಮ ಕಡೆಯವರೇ. ಜೀವಮಾನದಲ್ಲಿ ಏಳು ಸಿನಿಮಾ ಮಾಡಿದರು, ಏಳನ್ನೂ ಈ ನಾಲ್ಕು ತಾಲ್ಲೂಕಿನ ಮಣ್ಣಿನಲ್ಲೇ ತೆಗೆದರು. ಹೊಡೆದಾಟ ಇಲ್ಲ, ಕುಣಿತ ಇಲ್ಲ. ಆದರೂ ನಮ್ಮ ಜನ ನೋಡಿದರು. ಹಾನಗಲ್ಲಿನವರು ಪರದೆಯ ಜೊತೆ ಮಾತಾಡಿ ಜಗಳ ತೆಗೆಯುವರು. ಶಿಗ್ಗಾಂವದಲ್ಲಿ ಹೈವೇ ಲಾರಿ ಡ್ರೈವರುಗಳು ಅರ್ಧಕ್ಕೆ ಬಂದು ಪಕ್ಕದವನನ್ನು ಕೇಳಿ ಕಥೆ ತುಂಬಿಸಿಕೊಳ್ಳುವರು. ಹಿರೇಕೆರೂರಿನವರು ಚಂದ ಅನಿಸಿದ ರೀಲನ್ನು ಇನ್ನೊಮ್ಮೆ ಹಾಕು ಎಂದು ಕೂಗುವರು. ಸವಣೂರಿನವರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕುಳಿತು ನೋಡುವರು, ಬಾಯಿ ತುಂಬಿದ್ದರಿಂದ. ರಾಯರ ಏಳೂ ಸಿನಿಮಾ ನನಗೆ ರೀಲು ರೀಲಾಗಿ ಬಾಯಿಪಾಠ.

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು, "ಸುಬ್ಬವ್ವನ ಎಲಿತೋಟ". ಅದಕ್ಕೇ ನಾನು ಕತ್ತರಿ ಹಾಕಿದ್ದು.

ಆಗ ನಮ್ಮಲ್ಲಿ ಒಂದು ರೂಢಿ ಇತ್ತು. ಮಧ್ಯಾಹ್ನ ಮೂರರ ಆಟಕ್ಕೆ ಹಳ್ಳಿಯ ಹೆಣ್ಣುಮಕ್ಕಳು ಬರುವರು. ಅವರಿಗೆ ವಾಪಸು ಹೋಗಲು ಇದ್ದದ್ದು ಒಂದೇ, ಆರು ಗಂಟೆಗೆ ಹೋಗಿ ರಾತ್ರಿ ಅಲ್ಲೇ ತಂಗುವ ಹತ್ತಿಮತ್ತೂರ ವಸ್ತಿ ಬಸ್ಸು. ಸಿನಿಮಾ ಉದ್ದವಿದ್ದರೆ ಕಡೆಗೆ ಕುರ್ಚಿ ಬಡಿದು ಎದ್ದು ಓಡುವರು. ಹಾಗಾಗಬಾರದೆಂದು ಮಾಲಕರು "ಬಸ್ಸಿಗೆ ಹೊಂದಿಸೋ" ಎನ್ನುವರು. ಆಪರೇಟರ್ ಏನೂ ನಡೆಯದ ಒಂದು ತುಂಡು ಹುಡುಕಿ, ಕತ್ತರಿಸಿ, ಡಬ್ಬಿಯಲ್ಲಿ ಇಟ್ಟುಕೊಂಡು, ಆ ಊರಿನ ಆಟ ಮುಗಿದ ಮೇಲೆ ಮತ್ತೆ ಅಂಟಿಸಿ ಕಳಿಸುವನು. ಎಲ್ಲರೂ ಮಾಡುತ್ತಿದ್ದರು. ೧೯೮೬ರಲ್ಲಿ ನಾನು ಕತ್ತರಿಸಿದ್ದು ಮೂರು ನಿಮಿಷ. ಸುಬ್ಬವ್ವ ಹೊಸ್ತಿಲಲ್ಲಿ ಕುಳಿತು ವೀಳ್ಯದೆಲೆ ಆರಿಸಿ ಎಣಿಸುತ್ತಾಳೆ, ಅಷ್ಟೆ. ನಟಿಗೆ ಎಲೆ ಆರಿಸಲು ಬರುತ್ತಿರಲಿಲ್ಲವಾದ್ದರಿಂದ ಆ ಕೈ ಬೇರೆಯವರದ್ದು, ಎಣಿಸುವ ದನಿಯೂ ಅವರದ್ದೇ. ಅವರು ಎಲೆ ಪೇಟೆಯಲ್ಲಿ ದಿನಗೂಲಿಗೆ ಎಲೆ ಆರಿಸುತ್ತಿದ್ದ ಬೀಬೀಜಾನ್. ನನ್ನ ಅವ್ವ.

ಅವ್ವನ ಕೈ ಅಂತ ಗೊತ್ತಿದ್ದೇ ಕತ್ತರಿಸಿದೆನೇ? ಹೌದು. ಇಡೀ ಸಿನಿಮಾದಲ್ಲಿ ಏನೂ ನಡೆಯದ ಜಾಗ ಅದೊಂದೇ ಇತ್ತು. ಶುಕ್ರವಾರ ಅಂಟಿಸಿ ಕಳಿಸಿದರಾಯಿತು ಅಂದುಕೊಂಡೆ. ಶುಕ್ರವಾರ ಮುಂಜಾನೆ ಬಂದು ನೋಡಿದರೆ ಸಿನಿಮಾ ಹಂಚುವ ಕಂಪನಿಯ ಮನುಷ್ಯ ಡಬ್ಬಿಗಳನ್ನು ಮೊದಲ ಬಸ್ಸಿಗೆ ಹೇರಿಕೊಂಡು ಶಿಗ್ಗಾಂವಕ್ಕೆ ಹೋಗಿಬಿಟ್ಟಿದ್ದ. ಒಂದು ತಾಸಿನ ದಾರಿ. ತುಂಡು ತೆಗೆದುಕೊಂಡು ಹೋಗಿ ಅಂಟಿಸಿ ಬರಬಹುದಿತ್ತು. ಆದರೆ ದಾವಲಸಾಬ ಮರೆತನಂತೆ ಎಂದು ಶಿಗ್ಗಾಂವದ ಆಪರೇಟರನ ಬಾಯಿಂದ ಕೇಳಿಸಿಕೊಳ್ಳಲು ಮನಸ್ಸು ಬರಲಿಲ್ಲ. ಹೋಗಲಿಲ್ಲ.

ಆ ತುಂಡು ಬಿಸ್ಕೀಟಿನ ಡಬ್ಬಿಯೊಂದರಲ್ಲಿ ಮೂವತ್ತೆಂಟು ವರ್ಷ ನನ್ನ ಟ್ರಂಕಿನಲ್ಲಿತ್ತು. ಅವ್ವ ತೀರಿಕೊಂಡ ಮೇಲೆ ಆಗಾಗ ತೆಗೆದು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಚಿತ್ರದ ಪಕ್ಕದಲ್ಲಿ ಕೂದಲಿನಂಥ ಒಂದು ಗೆರೆ ನಡುಗುತ್ತಾ ಓಡುತ್ತದೆ. ಅದೇ ಶಬ್ದದ ಗೆರೆ. ಅದರಲ್ಲಿ ಅವ್ವನ ದನಿ ಇದೆ ಅಂತ ನನಗೆ ಗೊತ್ತು. ಕಣ್ಣಿನಿಂದ ದನಿ ಕೇಳುವ ವಿದ್ಯೆ ಮಾತ್ರ ಗೊತ್ತಿಲ್ಲ.

ಹೋದ ವರ್ಷ ರಾಯರ ಮಗಳು ವೈದೇಹಿಬಾಯಿ ಧಾರವಾಡದಿಂದ ಫೋನು ಮಾಡಿದರು. ಪ್ರತಿ ವರ್ಷ ರಾಯರ ಹುಟ್ಟಿದ ದಿನ ನಾನು ಊರಲ್ಲಿ ಬಟ್ಟೆ ಕಟ್ಟಿ ಅವರ ಸಿನಿಮಾ ತೋರಿಸುವುದು ಅವರಿಗೆ ಗೊತ್ತು.

"ದಾವಲಸಾಬ್ರ, ಪೋರ್ಚುಗಲ್ ದೇಶದಾಗ ಪೋರ್ಟೊ ಅಂತ ಊರದ. ಅಲ್ಲೆ ಅಪ್ಪನ ಏಳೂ ಸಿನಿಮಾ ತೋರಸ್ತಾರ. ಎಲಿತೋಟದ್ದು ಒಂದs ಪ್ರಿಂಟ್ ಉಳದದ ನೋಡ್ರಿ, ಅದನ್ನ ತೊಳದು ಹೊಸಾದು ಮಾಡ್ಯಾರ. ಆದ್ರ ಒಂದು ದೃಶ್ಯ ಇಲ್ಲ. ಯಾವನೋ ಆಪರೇಟರ್ ಕತ್ತರಿಸ್ಯಾನ. ಅಪ್ಪ ಇನ್ನೂ ಅದನ್ನ ನೆನಸಿ ಸಂಕಟ ಪಡ್ತಾರ."

"ನಾನೂ ಬರ್ತೇನ್ರಿ ಪೋರ್ಟೊಕ್ಕ" ಎಂದುಬಿಟ್ಟೆ. ಯಾಕೆ ಅಂತ ಹೇಳಲಿಲ್ಲ. ಟಿಕೆಟ್ಟು ನಾವೇ ಕೊಡಿಸುತ್ತೇವೆ ಅಂದರು, ಬೇಡ ಅಂದೆ. ದುಡಿಯುವ ಕೈ ಇದೆ.

ಮುಂಬಯಿ

ಶಿಗ್ಗಾಂವದ ಹೈವೇಯಲ್ಲಿ ಮುಂಬಯಿ ಬಸ್ಸು ಹತ್ತಿಸಲು ನನ್ನ ಹೆಂಡತಿ ಹಸೀನಾ ಬಂದಿದ್ದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಳು. ರಾಯರಿಗೆಂದು ನಮ್ಮೂರಿನ ಹೆಸರಾದ ಕುರುಕಲು, ಸವಣೂರ ಖಾರ, ಒಂದು ಬಿಸ್ಕೀಟಿನ ಡಬ್ಬಿ ತುಂಬಿಸಿದ್ದಳು. ಫಿಲ್ಮಿನ ಡಬ್ಬಿಯೂ ಅಂಥದೇ.

"ಯಾವ್ದು ಖಾರ, ಯಾವ್ದು ಪಿಚ್ಚರ್ ಅಂತ ನೆಪ್ಪಿರಲಿ," ಅಂದಳು. "ಅಲ್ಲೆ ರಾಯರಿಗೆ ಪಿಚ್ಚರ್ ತಿನ್ನಾಕ ಕೊಟ್ಟು ಬಂದೀರಿ."

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಎರಡನೆಯ ಡಬ್ಬಿ ಮೂಸಿ ಮುಖ ಕಿವುಚಿದ. ಹಳೆಯ ಫಿಲ್ಮಿಗೆ ಹುಳಿ ವಾಸನೆ ಹತ್ತುತ್ತದೆ. ಕೆಲ ವರ್ಷಗಳಿಂದ ನನ್ನ ಟ್ರಂಕಿನ ಬಟ್ಟೆಗಳಿಗೂ ಅದೇ ವಾಸನೆ.

"ಅಚಾರ್ ಹೈ ಕ್ಯಾ?" ಅಂದ.

ಉಪ್ಪಿನಕಾಯಿ ಅಂದುಕೊಂಡನಲ್ಲ ಎಂದು ಗಾಬರಿಯಾಗಿ ನನ್ನ ಬಾಯಿಂದ, "ನಹೀ ಸಾಬ್, ಮೇರಿ ಮಾ ಹೈ" ಎಂದು ಬಂತು.

ಅವನು ಡಬ್ಬಿ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅವ್ವನ ಬೂದಿ ಅಂತ ತಿಳಿದನೋ ಏನೋ, ಮೆಲ್ಲಗೆ ಸಹೋದ್ಯೋಗಿಯನ್ನು ಕರೆದ. ಇಬ್ಬರೂ ತಲೆ ತಗ್ಗಿಸಿ ನಿಂತರು. ನಾನೇ ಮುಚ್ಚಳ ತೆಗೆದು ಒಂದು ಗೇಣು ಫಿಲ್ಮು ಎತ್ತಿ ದೀಪಕ್ಕೆ ಹಿಡಿದೆ. ಅವನು ಕಣ್ಣು ಕಿರಿದು ಮಾಡಿ ನೋಡಿದ.

"ಇದರಲ್ಲಿ ಬರೀ ಕೈ ಇವೆಯಲ್ಲ?" ಅಂದ, ಹಿಂದಿಯಲ್ಲಿ.

"ಆ ಕೈನೇ ನಮ್ಮವ್ವ," ಅಂದೆ. ಬಿಟ್ಟರು.

ಪೋರ್ಟೊ: ಮೊದಲ ದಿನ

ಎರಡು ಕಡೆ ಇಳಿದು ಹತ್ತಿ ಪೋರ್ಟೊ ಮುಟ್ಟಿದೆ. ಆ ಊರಿನ ಬೀದಿಗಳನ್ನು ಏಣಿ ನೋಡಿ ಮಾಡಿದ್ದಾರೆ. ಎಲ್ಲಿಗೆ ಹೋಗಬೇಕಾದರೂ ಒಂದೋ ಹತ್ತು, ಇಲ್ಲ ಇಳಿ. ನಾವು ಬಚ್ಚಲಿಗೆ ಹಚ್ಚುವ ಟೈಲ್ಸು ಅವರು ಮನೆಯ ಹೊರಗೋಡೆಗೆ ಹಚ್ಚುತ್ತಾರೆ, ನೀಲಿ ಬಿಳಿ, ಅದರಲ್ಲಿ ಹಡಗು, ಹೂವು, ಸಂತರು. ಮೂರನೆಯ ಮಹಡಿಯ ಕಟಕಟೆಯಿಂದ ಲುಂಗಿಯಂಥ ಚಾದರಗಳು ದಾರಿಯ ಮೇಲೆ ತೂಗುತ್ತಿದ್ದವು. ಅದನ್ನು ಕಂಡ ಮೇಲೆ ಮನಸ್ಸು ಹಗುರಾಯಿತು. ಒಗೆದ ಬಟ್ಟೆಯನ್ನು ನಾಲ್ಕು ಜನ ಕಾಣುವಂತೆ ಒಣಹಾಕುವ ಮಂದಿ ನಮ್ಮಂಥವರೇ.

ಲಾಡ್ಜಿನ ಅಜ್ಜಿಗೆ ಇಂಗ್ಲಿಷು ಬಾರದು, ನನಗೂ ಬಾರದು. ಅದರಿಂದ ಇಬ್ಬರೂ ಸರಿಸಮ. ಅವರು ಬೀಗದ ಕೈ ಎತ್ತಿ ತೋರಿಸಿ "ಶಾವ್" ಅಂದರು. ನಮ್ಮ "ಚಾವಿ"! ಊಟಕ್ಕೆ ಮೀನಿನ ಪಕ್ಕದ ಆಲೂಗಡ್ಡೆ ತೋರಿಸಿ "ಬತಾತ" ಅಂದರು. ನಮ್ಮ ಬಟಾಟಿ. ಇವೆಲ್ಲ ಒಂದು ಕಾಲಕ್ಕೆ ಇಲ್ಲಿಂದ ಗೋವೆಯ ಘಾಟು ಹತ್ತಿ ನಮ್ಮ ಬಾಯಿಗೆ ಬಂದ ಮಾತು ಎಂದು ವೈದೇಹಿಬಾಯಿ ಆಮೇಲೆ ಹೇಳಿದರು. ನಾನು ಹುಟ್ಟಿದಾಗಿನಿಂದ ಪೋರ್ಚುಗೀಸ್ ಮಾತಾಡುತ್ತಿದ್ದೇನೆ, ಯಾರೂ ಹೇಳಿರಲಿಲ್ಲ.

ಲಾಡ್ಜಿನ ಲಿಫ್ಟು ಏರುವಾಗ ನರಳುತ್ತಿತ್ತು. ಬಾಗಿಲಿಗೆ ಕಿವಿಯಿಟ್ಟು ಕೇಳಿ, "ಬೇರಿಂಗ್ ಹೋಗೈತಿ" ಎಂದು ಅಜ್ಜಿಗೆ ಬೆರಳು ತಿರುಗಿಸಿ ತೋರಿಸಿದೆ. ಅವರು ನಕ್ಕು ತಲೆಯಾಡಿಸಿದರು. ಎರಡು ದಿನ ಬಿಟ್ಟು ಮೆಕ್ಯಾನಿಕ್ ಬಂದು ಬೇರಿಂಗನ್ನೇ ಬದಲಿಸಿದ. ಅಂದಿನಿಂದ ಅಜ್ಜಿ ನನಗೆ ಕಾಫಿ ದೊಡ್ಡ ಕಪ್ಪಿನಲ್ಲಿ ಕೊಡತೊಡಗಿದರು. ಅಲ್ಲಿಯ ಮಾಮೂಲು ಕಪ್ಪಿನಲ್ಲಿ ಒಂದು ಗುಟುಕು ಬಿಟ್ಟರೆ ಎರಡನೆಯದಿಲ್ಲ.

ಎರಡನೆಯ ದಿನ: ನದಿಯ ದಂಡೆ

ಮುಂಜಾನೆ ನದಿಯ ದಂಡೆಯ ಬೆಂಚಿನ ಮೇಲೆ ಮಗಳ ಜೊತೆ ಕುಳಿತಿದ್ದ ರಾಯರನ್ನು ಕಂಡೆ. ವಯಸ್ಸು ಎಂಬತ್ತಾರು. ಹಲ್ಲಿಲ್ಲ, ನಾಲಿಗೆ ಮಾತ್ರ ಹರಿತ. ಖಾರದ ಡಬ್ಬಿ ಕೊಟ್ಟೆ, ಸರಿಯಾದ ಡಬ್ಬಿಯನ್ನೇ. ಅವರು ಖಾರವನ್ನು ಅಂಗೈಯಲ್ಲಿ ಪುಡಿಮಾಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ನೀನೇನೋ ನನ್ನ ಸಿನಿಮಾ ಎಲ್ಲಾ ಬಲ್ಲಾಂವ? ಹೇಳು ನೋಡೂಣು, 'ತಡಸ ಕ್ರಾಸ್' ಮೂರನೇ ರೀಲ್ ಹ್ಯಾಂಗ ಮುಗೀತದ?"

"ಪಂಚರಾದ ಟೈರ್ ಉಳ್ಳಿಕೋತ ಹೋಗಿ ಕಂಬಕ್ಕ ಬಡೀತೈತ್ರಿ. ಅಲ್ಲೆ ಪ್ರೊಜೆಕ್ಟರ್ ಬದಲಿಸಬೇಕು. ಚೂರು ತಡಾ ಆತಂದ್ರ ಕಂಬ ಕಾಣಸೂದಿಲ್ಲ."

"ನನಗs ನೆನಪಿಲ್ಲ ಅದು!" ಎಂದು ಮಗಳ ಕಡೆ ನೋಡಿ ನಕ್ಕರು. ಆ ನಗು ನೋಡಿ ಈಗಲೇ ಹೇಳಿಬಿಡೋಣ ಅನಿಸಿತು. ಅಷ್ಟರಲ್ಲಿ ಅವರೇ ಕೇಳಿದರು:

"ಇಷ್ಟೆಲ್ಲಾ ನೋಡೀದಿ. ಮೊದಲಿನ ನಾಲ್ಕಕ್ಕೂ ಕಡೀ ಮೂರಕ್ಕೂ ಏನು ಫರಕ ಅದ, ಹೇಳು. ಸುಳ್ಳು ಹೇಳಬ್ಯಾಡ."

ನನಗೆ ಗೊತ್ತಿತ್ತು. ಅಭಿಮಾನಿಗಳು ಇಂಥದನ್ನು ಒಳಗೇ ಇಟ್ಟುಕೊಳ್ಳುತ್ತಾರೆ. "ಕಡೀ ಮೂರು ಸ್ವಲ್ಪ ಓಡ್ತಾವ್ರಿ," ಅಂದೆ. "ಕುಂಡರೂದಿಲ್ಲ."

"ಶಾಣ್ಯಾ ಇದ್ದೀ." ಅವರು ನದಿಯ ಕಡೆ ತಿರುಗಿದರು. "ಎಲಿತೋಟ ಬಂದಾಗ ಶಿಗ್ಗಾಂವ್ಯಾಗ ಮಂದಿ ನಡುವ ಕೂತು ನೋಡಿದೆ. ಎಲಿ ಎಣಿಸೋ ದೃಶ್ಯಕ್ಕಂತ ಕಾಯ್ಕೋತ ಕೂತಿದ್ದೆ. ಅದಕ್ಕಾಗಿನs ಆ ಸಿನಿಮಾ ಮಾಡಿದ್ದು. ಬರಲೇ ಇಲ್ಲ. ಒಬ್ಬಾತನೂ ಏನಾತು ಅಂತ ಕೇಳಲಿಲ್ಲ. ಆಮ್ಯಾಲೆ ಹಾನಗಲ್ಲಾಗ, ಹಿರೇಕೆರೂರಾಗ ಎಲ್ಲೂ ಬರಲಿಲ್ಲ. ಮಂದಿಗೇ ಬ್ಯಾಡಾಗೇದ, ಅದಕ್ಕs ಟಾಕೀಜಿನವರು ತಗದಾರ ಅಂತ ತಿಳಕೊಂಡೆ. ಮುಂದ ಅಂಥಾ ದೃಶ್ಯ ತಗೀಲೇ ಇಲ್ಲ."

ಒಂದು ತುಂಡು ಕಳೆಯಿತು ಅಂತ ಇಷ್ಟು ವರ್ಷ ತಿಳಿದಿದ್ದೆ. ಅದರ ಹಿಂದೆ ಮೂರು ಸಿನಿಮಾಗಳ ಸಾವಧಾನವೂ ಹೋಗಿತ್ತು. ದೋಣಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಅಲ್ಲಿಯ ಮುದುಕರು ಪಕ್ಕದ ಕಟ್ಟೆಯಲ್ಲಿ ಇಸ್ಪೀಟು ಬಡಿಯುತ್ತಾ ಕೂಗಾಡುತ್ತಿದ್ದರು. ನಾನು ಏನೂ ಹೇಳದೆ ಲಾಡ್ಜಿಗೆ ಬಂದೆ. ಲಿಫ್ಟು ನರಳುತ್ತಾ ಮೇಲೆ ಹೋಯಿತು, ಒಳಗೆ ನಾನೂ.

ಮೂರನೆಯ ದಿನ: ಫಿಲ್ಮು ತೊಳೆಯುವ ಮನೆ

ಹಳೆಯ ಫಿಲ್ಮುಗಳನ್ನು ಜೋಪಾನ ಮಾಡುವ ಮನೆ ಬೀದಿಯ ತುದಿಯಲ್ಲಿತ್ತು. ರಾಯರು, ವೈದೇಹಿಬಾಯಿ, ನಾನು ಮೂವರೂ ಹೋದೆವು. ಒಳಗೆ ನಮ್ಮ ಮಾಘ ಮಾಸದ ಮುಂಜಾವಿನಂಥ ತಂಪು. ಎಲಿತೋಟವನ್ನು ತೊಳೆದು ನೆಟ್ಟಗೆ ಮಾಡಿದವರು ಮಾರ್ತಾ ಎಂಬ ಹೆಂಗಸು. ಬಿಳಿ ಕೈಗವಸು ಹಾಕಿಕೊಂಡು ಫಿಲ್ಮನ್ನು ಅಂಚು ಹಿಡಿದೇ ಎತ್ತುತ್ತಿದ್ದರು. ಅದನ್ನು ನೋಡಿದ ಕೂಡಲೇ ಇವರು ನಮ್ಮ ಜಾತಿಯವರು ಅನಿಸಿತು. ಆಪರೇಟರನ ಜಾತಿ.

ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ವೈದೇಹಿಬಾಯಿ ಕನ್ನಡಕ್ಕೆ ತಂದರು. "ಇಲ್ಲೆ ಒಂದು ಒಗಟು ಅದ ಅಂತಾರ. ಕತ್ತರಿಸಿದ ಜಾಗಾ ದಾಟಿ ಮುಂದಿನ ದೃಶ್ಯ ಶುರು ಆಗ್ತದ, ಬಸ್‌ಸ್ಟ್ಯಾಂಡು. ಅಲ್ಲೆ ಒಂದು ಹೆಣ್ಣದನಿ ಒಂದs ಶಬ್ದ ಅಂತದ. ಪರದಿ ಮ್ಯಾಲೆ ಯಾವ ಹೆಂಗಸೂ ಇಲ್ಲ."

ಕೇಳಿಸಿದರು. ಖಾಲಿ ಬಸ್‌ಸ್ಟ್ಯಾಂಡಿನ ಮೇಲೆ ಒಂದು ದನಿ ಹೇಳಿತು: "ಲಾಭ."

ಮೂವತ್ತೆಂಟು ವರ್ಷದ ಮೇಲೆ, ಆ ಪ್ರಿಂಟಿನೊಳಗಿಂದ, ಅವ್ವ.

ನಮ್ಮ ಪೇಟೆಯಲ್ಲಿ ಎಲೆಯಾಗಲಿ ಕಾಳಾಗಲಿ ಎಣಿಸುವಾಗ ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು ಎಂದು ಎಣಿಸುತ್ತಾರೆ. ಮನೆಯಲ್ಲಿ ಉರ್ದು ಮಾತಾಡುತ್ತಿದ್ದ ಅವ್ವ ಎಲೆ ಎಣಿಸುವಾಗ ಕನ್ನಡಕ್ಕೇ ಬರುತ್ತಿದ್ದಳು. ಇನ್ನು ಫಿಲ್ಮಿನ ವಿಷಯ: ಚಿತ್ರದ ಶಬ್ದ ಆ ಚಿತ್ರದ ಪಕ್ಕದಲ್ಲೇ ಇರುವುದಿಲ್ಲ, ಸುಮಾರು ಒಂದು ಸೆಕೆಂಡಿನಷ್ಟು ಮೊದಲೇ ಅಚ್ಚಾಗಿರುತ್ತದೆ. ನಾನು ಚಿತ್ರ ನೋಡಿ ಕತ್ತರಿ ಹಾಕಿದ್ದೆ. ಹಾಗಾಗಿ ಅವ್ವನ ಕೈ ನನ್ನ ಡಬ್ಬಿಗೆ ಬಂತು, ಮೊದಲನೆಯ ಶಬ್ದ ಮಾತ್ರ ಹಿಂದಿನ ದೃಶ್ಯದ ಅಂಚಿನಲ್ಲಿ ಅಚ್ಚಾಗಿದ್ದರಿಂದ ಪ್ರಿಂಟಿನಲ್ಲೇ ಉಳಿದು ಊರೂರು ತಿರುಗಿ ಇಲ್ಲಿಗೆ ಬಂದು ಕುಳಿತಿತ್ತು.

ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ.

"ರಾಯರ, ಆ ಕತ್ರಿ ನಂದು."

"ಏನಂದಿ?"

"ಸವಣೂರ ಟಾಕೀಜಿನ ಆಪರೇಟರ್ ನಾನ ಇದ್ದೆ. ಕತ್ತರಿಸಿದಾಂವ ನಾನ, ಮುಚ್ಚಿಟ್ಟಾಂವನೂ ನಾನ."

"ಯಾಕ?"

"ಬಸ್ಸಿಗೆ ರೀ. ಹತ್ತಿಮತ್ತೂರ ವಸ್ತಿ ಬಸ್ಸು. ಹೆಣ್ಣಮಕ್ಕಳು ಭಾಳ ಬರ್ತಿದ್ರು."

ರಾಯರು ಕೋಲು ಊರಿ ನನ್ನ ಕಡೆ ತಿರುಗಿದರು. "ಎಷ್ಟಕ್ಕಿತ್ತು ಬಸ್ಸು?"

"ಆರಕ್ಕ ರೀ."

"ಸಿಕ್ತೇನು ಅವರಿಗೆ?"

"ಸಿಕ್ತ್ರಿ."

"ಅಷ್ಟರ ಆತಲ್ಲ," ಎಂದವರೇ ಕೋಲನ್ನು ನೆಲಕ್ಕೆ ಬಡಿದರು. "ಮೂರು ಸಿನಿಮಾ, ದಾವಲಸಾಬ! ಮೂರು ಸಿನಿಮಾ ನಾ ಬೆನ್ನಿಗೆ ನಾಯಿ ಹತ್ತಿದಾಂವನಂಗ ಓಡಿಕೋತ ತಗದೆ. ಒಂದು ಕಾರ್ಡ್ ಬರದು ಹಾಕಲಿಕ್ಕೆ ಆಗಲಿಲ್ಲೇನು ನಿನಗ?"

"ಅಪ್ಪಾ, ಶಾಂತ ಆಗ್ರಿ," ಅಂದರು ವೈದೇಹಿಬಾಯಿ.

"ನೀ ಸುಮ್ನಿರು."

ಬೈಯಬೇಕಾದದ್ದೇ. ಆದರೆ ಬಂದದ್ದು ಬಂದಿದ್ದೇನೆ, ಪೂರ್ತಿ ಹೇಳೋಣ ಅಂತ ಉಳಿದದ್ದನ್ನೂ ಹೇಳಿದೆ. ಆ ವಾರ ಬುಧವಾರ ಅವ್ವ ಕೂಲಿ ಬಿಟ್ಟು, ಓಣಿಯ ನಾಲ್ಕು ಹೆಂಗಸರನ್ನು ಕರೆದುಕೊಂಡು ತನ್ನ ಕೈ ನೋಡಲು ಟಾಕೀಜಿಗೆ ಬಂದಿದ್ದಳು. ಮುಗಿದ ಮೇಲೆ ಹೊರಗೆ ನಿಂತು, "ನನ್ನ ಕೈ ಬರಲಿಲ್ಲಲ್ಲೋ" ಅಂದಳು. ನಾನು ಕತ್ತರಿಸಿದೆ ಅಂತ ಹೇಳಲು ಬಾಯಿ ಬರಲಿಲ್ಲ. "ನಿಮ್ಮ ಮ್ಯಾಲೆ ಹಾಕಿದೆ ರೀ ರಾಯರ. ಡೈರೆಕ್ಟರು ತಗದಾರ ಅಂತ ಹೇಳಿದೆ. ಅದನ್ನ ನಂಬಿಕೊಂಡ ಆಕಿ ಸತ್ತಳು."

ಮಾರ್ತಾ ಅವರಿಗೆ ಮಾತು ತಿಳಿಯದಿದ್ದರೂ ಯಂತ್ರ ನಿಲ್ಲಿಸಿದ್ದರು.

"ಯಾರು ನಿಮ್ಮವ್ವ? ಆ ಎಲಿ ಆರಿಸಾಕಿ? ಬೀಬೀಜಾನ್?" ರಾಯರ ದನಿ ಇಳಿಯಿತು. "ಎಂಥಾ ಹಟದ ಹೆಂಗಸು! ನಾ ತರಿಸಿದ್ದು ಹಿಂದಿನ ದಿನದ ಎಲಿ. ಕ್ಯಾಮರಾ ಇಟ್ಟು, ಲೈಟ್ ಹಚ್ಚಿ ಎಲ್ಲಾ ತಯಾರು. ಬಾಡಿದ್ದು ನಾ ಎಣಿಸೂದಿಲ್ಲ, ಮಂದಿ ನೋಡಿದ್ರ ಏನಂದಾರು ಅಂದಳು. ಅರ್ಧಾ ದಿನಾ ಕಾದೀನಿ ನಾನು ತಾಜಾ ಎಲಿಗೆ." ಅವರು ನನ್ನ ಮುಖವನ್ನು ಮತ್ತೊಮ್ಮೆ ನೋಡಿದರು. "ಅದs ಸೊಕ್ಕು ನಿನಗೂ ಬಂದದ. ಕೂಡು."

ಕುಳಿತೆ.

ಮಾರ್ತಾ ಡಬ್ಬಿ ತೆರೆದು ಮೂಸಿದರು. ಈ ವಾಸನೆ ಬಂತೆಂದರೆ ಫಿಲ್ಮು ಒಳಗಿನಿಂದ ಸಾಯುತ್ತಿದೆ ಎಂದರ್ಥವಂತೆ. ಇನ್ನೆರಡು ಮಳೆಗಾಲ ನನ್ನ ಟ್ರಂಕಿನಲ್ಲಿದ್ದರೆ ಚಿತ್ರವೇ ಉದುರಿ ಹೋಗುತ್ತಿತ್ತಂತೆ. ಅವರು ತುಂಡಿನ ಮೊದಲ ಗೇಣನ್ನು ಯಂತ್ರಕ್ಕೆ ಕೊಟ್ಟು ಕಿವಿಗೊಟ್ಟರು.

"ಎರಡು," ಅಂದಳು ಅವ್ವ. "ಮೂರು."

ಮಾರ್ತಾ ಕುರ್ಚಿಯಿಂದ ಎದ್ದು, ಬಿಳಿ ಕೈಗವಸಿನ ಸಮೇತ ನನ್ನ ಹೆಗಲು ಹಿಡಿದು ಅಲುಗಾಡಿಸಿಬಿಟ್ಟರು.

ಆಗ ನನ್ನ ಕಡೆಯ ಮುಚ್ಚುಮರೆಯೂ ಮುಗಿಯಿತು. ಪಾಕೀಟಿನಲ್ಲಿ, ಆಧಾರ ಕಾರ್ಡಿನ ಹಿಂದೆ, ಆ ತುಂಡಿನ ಕಟ್ಟಕಡೆಯ ಚಿತ್ರ ಒಂದನ್ನು ಬೇರೆ ಕತ್ತರಿಸಿ ಇಟ್ಟುಕೊಂಡಿದ್ದೆ. ಹೆಬ್ಬೆರಳಿನ ಉಗುರಿನಿಂದ ಎಲೆಯ ತೊಟ್ಟು ಮುರಿಯುವ ಚಿತ್ರ. ಅದನ್ನೂ ತೆಗೆದು ಮೇಜಿನ ಮೇಲಿಟ್ಟೆ.

"ಇನ್ನೂ ಏನಾದ್ರೂ ಅದನೋ ಮಾರಾಯಾ?" ಅಂದರು ರಾಯರು. "ಬೂಟಿನ್ಯಾಗ ನೋಡು."

ಐದನೆಯ ದಿನ: ಪರದೆ

ಎರಡು ದಿನ ಮಾರ್ತಾ ಆ ತುಂಡನ್ನು ಸಾವಿರಾರು ಪುಟ್ಟ ಚಿತ್ರಗಳಾಗಿ ಕಂಪ್ಯೂಟರಿಗೆ ಇಳಿಸಿದರು. ಕುಗ್ಗಿದ್ದನ್ನು ಹಿಗ್ಗಿಸಿದರು, ಗೀರು ಅಳಿಸಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಮಾತಿಲ್ಲದಿದ್ದರೂ ಕೆಲಸ ನಡೆಯಿತು. ಒಂದು ಕಡೆ ಅವರು ಕಪ್ಪು ಚುಕ್ಕೆಯೊಂದನ್ನು ಕೊಳೆ ಎಂದು ಅಳಿಸಲು ಹೋದಾಗ ತಡೆದೆ. ಅದು ಅವ್ವನ ಬೆರಳಿನ ಸುಟ್ಟ ಗಾಯ. ಉಳಿಸಿದರು.

ಐದನೆಯ ದಿನ ಮಧ್ಯಾಹ್ನ ಮೂರಕ್ಕೆ ಆಟ. ಮೂರಕ್ಕೇ ಯಾಕೆ ಎಂದು ಕೇಳಲಿಲ್ಲ; ರಾಯರು ಹೇಳಿ ಬದಲಿಸಿದ್ದರಂತೆ. ಸಭಾಗೃಹ ತುಂಬಿತ್ತು. ಅಲ್ಲಿಯ ಜನ ಸಿನಿಮಾ ನೋಡುವಾಗ ಎಲೆ ಹಾಕುವುದಿಲ್ಲ, ಶೇಂಗಾ ತಿನ್ನುವುದಿಲ್ಲ, ಕೆಮ್ಮು ಬಂದರೂ ದೃಶ್ಯ ಮುಗಿಯುವ ತನಕ ತಡೆಯುತ್ತಾರೆ. ಈ ಜನಕ್ಕೆ ನಮ್ಮ ಸುಬ್ಬವ್ವ ಏನು ತಿಳಿದಾಳು ಎಂದು ನನಗೆ ಅನುಮಾನ.

ಹೊಸ್ತಿಲು ಬಂತು. ಬಿದಿರಿನ ಬುಟ್ಟಿ ಬಂತು. ಕೈ ಬಂತು, ನಾಲ್ಕಾಳೆತ್ತರದ ಕೈ.

"ಲಾಭ," ಅಂದಳು ಅವ್ವ. "ಎರಡು. ಮೂರು."

ಎಲೆಯ ಮೇಲೆ ಎಲೆ ಬೀಳುವ ಸಣ್ಣ ಸದ್ದು ಇತ್ತು. ದೂರದಲ್ಲಿ ಯಾರದೋ ಹಿಟ್ಟಿನ ಗಿರಣಿ ಇತ್ತು. ಇವೆಲ್ಲ ನಾನು ಭೂತಗನ್ನಡಿಯಲ್ಲಿ ನೋಡುತ್ತಿದ್ದ ಆ ಗೆರೆಯೊಳಗೆ ಇದ್ದವು! ಮೂರು ನಿಮಿಷ ಯಾರೂ ಅಲುಗಾಡಲಿಲ್ಲ. ನೂರು ಮುಟ್ಟುವ ಮೊದಲೇ ಅವ್ವ ಒಂದು ಎಲೆ ಎತ್ತಿ, ಬೆಳಕಿಗೆ ಹಿಡಿದು, ಬಾಡಿದೆ ಎಂದು ಪಕ್ಕಕ್ಕೆ ಎಸೆಯುತ್ತಾಳೆ. ಅಲ್ಲಿ ಇಡೀ ಸಭಾಗೃಹ ಮೆಲ್ಲಗೆ ನಕ್ಕಿತು. ಅಷ್ಟು ದೂರದ ಊರಿನ ಮಂದಿ, ಎಲೆ ಕಂಡವರಲ್ಲ, ಸರಿಯಾದ ಜಾಗದಲ್ಲೇ ನಕ್ಕರು.

ಕತ್ತಲೆಯಲ್ಲಿ ರಾಯರು ನನ್ನ ಮಣಿಕಟ್ಟು ಹಿಡಿದರು. "ನಗ್ತಾರಲ್ಲೋ," ಅಂದರು.

ದೀಪ ಹತ್ತಿದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇದ್ದರು. ರಾಯರು ಕೈ ಮುಗಿದರು. ಆಮೇಲೆ ಆ ಗದ್ದಲದಲ್ಲೇ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: "ಸವಣೂರಾಗ ಈಗೂ ಎಲಿ ಆರಸ್ತಾರೇನು?"

"ಆರಸ್ತಾರ್ರಿ. ಮೊದಲಿನಷ್ಟು ಮಂದಿಯಿಲ್ಲ. ಹನ್ನೆರಡು ಹೆಣ್ಣಮಕ್ಕಳದಾರ."

"ಕೈ ನಡಗ್ತಾವ ನನ್ನೂ. ಆದ್ರ ಕ್ಯಾಮರಾ ಮೊಣಕಾಲ ಮ್ಯಾಲೆ ಇಟ್ರ ನಡಗೂದಿಲ್ಲ. ಛಳಿಗಾಲದಾಗ ಬರ್ತೀನಿ. ಬರೀ ಎಣಿಸೂದು, ಮತ್ತೇನಿಲ್ಲ. ಲೈಟ್ ನೀ ನೋಡ್ಕೋಬೇಕು."

"ಎಷ್ಟು ಉದ್ದ ರೀ ಪಿಚ್ಚರ್?"

"ಬಸ್ಸಿನ ವ್ಯಾಳ್ಯಾ ಕೇಳ್ಬ್ಯಾಡ ಮತ್ತ," ಅಂದರು.

ಹೊರಡುವ ದಿನ ಮಾರ್ತಾ ಒಂದು ಸಣ್ಣ ಕಾಗದದ ಲಕೋಟೆ ಕೊಟ್ಟರು. ಫಿಲ್ಮಿನ ತುಂಡು ಅಲ್ಲಿಯ ತಂಪಿನಲ್ಲೇ ಇರಬೇಕು. ಆದರೆ ಕಡೆಯ ಆ ಒಂದು ಚಿತ್ರವನ್ನು ಇವನಿಗೆ ವಾಪಸು ಕೊಡಿ ಎಂದು ರಾಯರು ಹೇಳಿದ್ದರಂತೆ. ಪಾಕೀಟಿನಲ್ಲಿ ಇಡಬೇಡ, ತಂಪಿನಲ್ಲಿಡು ಎಂದು ಮಾರ್ತಾ ಕೈಯಿಂದ ತಿಳಿಸಿದರು, ಎರಡೂ ತೋಳು ಕಟ್ಟಿ ಗಡಗಡ ನಡುಗಿ ತೋರಿಸಿ.

ಮತ್ತೆ ಸವಣೂರು

ಬಂದ ದಿನ ಹಸೀನಾ ಫ್ರಿಜ್ಜಿನ ಬಾಗಿಲು ತೆರೆದು ಲಕೋಟೆ ನೋಡಿದಳು. "ನಿಮ್ಮವ್ವನ್ನ ಹಾಲಿನ ಪಕ್ಕಕ್ಕ ಇಟ್ಟೀರೇನು?" ಅಂದಳು. "ಸರಿಸಿ ಮ್ಯಾಲೆ ಇಡ್ರಿ. ಆಕೀಗೆ ಹಾಲಿನ ವಾಸನಿ ಆಗ್ತಿರಲಿಲ್ಲ."

ವೈದೇಹಿಬಾಯಿ ಹೊಸ ಎಲಿತೋಟವನ್ನು ಕಳಿಸಿಕೊಟ್ಟರು. ಹೋದ ತಿಂಗಳು ಊರಿನ ಸಮುದಾಯ ಭವನದಲ್ಲಿ ಮಧ್ಯಾಹ್ನ ಮೂರಕ್ಕೆ ತೋರಿಸಿದೆ. ಅವ್ವನ ಜೊತೆ ಅಂದು ಬಂದಿದ್ದ ನಾಲ್ಕು ಹೆಂಗಸರಲ್ಲಿ ಒಬ್ಬಾಕೆ ಉಳಿದಿದ್ದಾಳೆ, ಅವಳನ್ನು ಮುಂದಿನ ಸಾಲಿಗೆ ಕೂಡಿಸಿದೆ. ಹತ್ತಿಮತ್ತೂರಿನಿಂದ ಹೆಣ್ಣುಮಕ್ಕಳು ತುಂಬ ಬಂದರು. ಈಗ ಆಧಾರ ಕಾರ್ಡು ತೋರಿಸಿದರೆ ಹೆಂಗಸರಿಗೆ ಬಸ್ಸಿನ ದುಡ್ಡೂ ಕೇಳುವುದಿಲ್ಲ. ಆದರೆ ಬಸ್ಸು ಅದೇ, ಆರಕ್ಕೇ. ಕರೆಂಟು ಹೋಗಿ ಶುರುವಾಗುವುದೇ ತಡವಾಗಿತ್ತು. ಲೆಕ್ಕ ಹಾಕಿದರೆ ಮುಗಿಯುವುದು ಆರು ದಾಟಿ ಎರಡು ನಿಮಿಷಕ್ಕೆ.

ಎಲೆ ಎಣಿಸುವ ದೃಶ್ಯ ಬಂದಾಗ ಕೈ ಪ್ರೊಜೆಕ್ಟರಿನ ಗುಂಡಿಯ ಮೇಲಿತ್ತು. ಒತ್ತಿದರೆ ಮೂರು ನಿಮಿಷ ಹಾರಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕೈ ತೆಗೆದೆ. ಓಡುತ್ತಾ ಬಸ್‌ಸ್ಟ್ಯಾಂಡಿಗೆ ಹೋದೆ.

"ಹತ್ತು ನಿಮಿಷ ತಡೀರಿ," ಎಂದು ಕಂಡಕ್ಟರನಿಗೆ ಹೇಳಿದೆ. "ಪಿಚ್ಚರ್ ನಡದೈತಿ."

"ಬಸ್ ನಿಲ್ಲಸೋವಂಥಾ ಪಿಚ್ಚರ್ ಯಾವ್ದ್ರಿ ಅದು, ದಾವಲ್ ಕಾಕಾ? ನಮ್ಮ ಡಿಪೊ ಮ್ಯಾನೇಜರು ಬಂದ್ರೂ ನಿಂದ್ರೂದಿಲ್ಲ ಇದು."

"ನಮ್ಮವ್ವ ಎಲಿ ಎಣಸಾಕತ್ತಾಳ. ಈಗ ನೂರು ಆಗ್ತಾವ."

ಅವನು ನನ್ನ ಮುಖ ನೋಡಿದ, ಗಡಿಯಾರ ನೋಡಿದ, ಡ್ರೈವರನ ಕಡೆ ನೋಡಿದ. ಡ್ರೈವರ್ ಇಂಜಿನ್ ಆರಿಸಿ ಕೆಳಗಿಳಿದು, "ಚಾ ಕುಡದು ಬರ್ತೇನಿ," ಅಂದ. ಬಸ್ಸು ಆರು ಹತ್ತಕ್ಕೆ ಬಿಟ್ಟಿತು. ಒಬ್ಬರೂ ಉಳಿಯಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಒಂದು. ಅದರಲ್ಲಿ ತಂತಿ ಸುತ್ತುವ ಯಂತ್ರ ಎರಡು, ಸುಟ್ಟು ಬಂದ ಮೋಟಾರು ಹನ್ನೊಂದು. ಛಳಿಗಾಲಕ್ಕೆಂದು ಒರೆಸಿ ಇಟ್ಟ ದೀಪ ನಾಲ್ಕು. ಖಾಲಿ ಬಿಸ್ಕೀಟಿನ ಡಬ್ಬಿ ಒಂದು. ಅವ್ವನ ಕೈಯ ಚಿತ್ರ ಒಂದು.